ಮನೆಮಂದಿಯೆಲ್ಲ ಸೇರಿ ಸಾಂತಿಯಾಗೊಗೆ ಪಾದಯಾತ್ರೆ ಹೊರಡುವವರಿಗೆ

ಪಾದಯಾತ್ರೆ ನಮ್ಮವರಿಗೆ ಹೊಸದೇನಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವವರನ್ನು, ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಉಟ್ಟು ವೇಲಾಂಕಣಿಗೆ ನಡೆಯುವವರನ್ನು ನೋಡುತ್ತಲೇ ಬೆಳೆದಿದ್ದೇವೆ. ಸ್ಪೇನಿನ ವಾಯವ್ಯ ಮೂಲೆಯಲ್ಲಿ, ಗಲೀಸಿಯಾ ಎಂಬ ಸೀಮೆಯಲ್ಲಿ, ಇಂಥದೇ ಒಂದು ಹಳೆಯ ದಾರಿ ಇದೆ. ಅದು ಹೋಗಿ ಸೇರುವ ಊರು ಸಾಂತಿಯಾಗೊ ದೆ ಕಂಪೊಸ್ತೆಲಾ. ಯೇಸುವಿನ ಹನ್ನೆರಡು ಪ್ರೇಷಿತರಲ್ಲಿ (ಮುಖ್ಯ ಶಿಷ್ಯರಲ್ಲಿ) ಒಬ್ಬರಾದ ಸಂತ ಯಕೋಬರ ಸಮಾಧಿ ಅಲ್ಲಿನ ಕ್ಯಾಥೆಡ್ರಲ್‌ನಲ್ಲಿದೆ ಎಂಬ ನಂಬಿಕೆಯಿಂದ 9ನೇ ಶತಮಾನದಿಂದಲೂ ಜನ ಅಲ್ಲಿಗೆ ನಡೆಯುತ್ತಿದ್ದಾರೆ. ದಾರಿಗೆ ಅಲ್ಲಿ ಕಮೀನೊ ಅನ್ನುತ್ತಾರೆ.

ಒಬ್ಬರೇ ನಡೆಯುವವರಿಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ. ಅಜ್ಜಿ, ಮಕ್ಕಳು, ಗಂಡ ಹೆಂಡತಿ ಎಲ್ಲ ಒಟ್ಟಿಗೆ ಹೊರಟರೆ ಲೆಕ್ಕವೇ ಬೇರೆ. ಅಮ್ಮ ಮತ್ತು ಇಬ್ಬರು ಮಕ್ಕಳ ಜೊತೆ ನಾವು ನಡೆದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

1. ಯಾಕೆ, ಎಲ್ಲಿಂದ ಅಂತ ಮೊದಲು ಕೂತು ಮಾತಾಡಿ

ಟಿಕೆಟ್ ನೋಡುವ ಮೊದಲು ಈ ಮಾತು ಮುಗಿಯಬೇಕು. ಮನೆಯ ಪ್ರತಿಯೊಬ್ಬರೂ ತಾವು ಯಾರಿಗಾಗಿ, ಯಾವ ಬೇಡಿಕೆ ಇಟ್ಟುಕೊಂಡು ನಡೆಯುತ್ತೇವೆ ಎಂದು ಹೇಳಲಿ. ಮಕ್ಕಳೂ ಹೇಳಲಿ. ನಮ್ಮ ಸಣ್ಣವಳು ಪಕ್ಕದ ಮನೆಯ ಕಾಯಿಲೆ ಬಿದ್ದ ನಾಯಿಗಾಗಿ ನಡೆಯುತ್ತೇನೆ ಅಂದಳು. ನಾವು ಅದನ್ನೂ ಬರೆದುಕೊಂಡೆವು. ಮಳೆಯಲ್ಲಿ ನೆಂದು, ಕಾಲು ನೋವು ಬಂದಾಗ ಎಬ್ಬಿಸಿ ನಿಲ್ಲಿಸುವುದು ಇದೇ.

ಫ್ರಾನ್ಸಿನ ಗಡಿಯ ಸೇಂಟ್ ಜಾನ್ ಪಿಯೆ ದ ಪೋರ್‌ನಿಂದ ಹೊರಡುವ ಪ್ರಸಿದ್ಧ ದಾರಿ ಸುಮಾರು 780 ಕಿ.ಮೀ. ಇದೆ. ಅದಕ್ಕೆ ತಿಂಗಳಿಗಿಂತ ಜಾಸ್ತಿ ಬೇಕು. ಕುಟುಂಬಕ್ಕೆ ನಾನು ಹೇಳುವುದು ಸಾರಿಯಾ ಎಂಬ ಊರಿನಿಂದ ಶುರುವಾಗುವ ಕೊನೆಯ 115 ಕಿ.ಮೀ. ದಾರಿ. ಯಾತ್ರೆ ಮುಗಿಸಿದವರಿಗೆ ಚರ್ಚ್ ಕೊಡುವ ‘ಕಂಪೊಸ್ತೆಲಾ’ ಪ್ರಮಾಣಪತ್ರಕ್ಕೆ ಕೊನೆಯ 100 ಕಿ.ಮೀ. ಬಿಡದೆ ನಡೆದಿದ್ದರೆ ಸಾಕು. ಈ ಭಾಗದಲ್ಲಿ ಹೆಚ್ಚು ಕಡೆ ಒಂದೆರಡು ಗಂಟೆಗೊಂದು ಕೆಫೆ, ಹಳ್ಳಿ ಸಿಗುತ್ತವೆ. ಇದೇ ಕಾರಣಕ್ಕೆ ಜನಸಂದಣಿಯೂ ಜಾಸ್ತಿ. ಮಕ್ಕಳಿದ್ದಾಗ ಅದು ಒಳ್ಳೆಯದೇ.

2. ತಿಂಗಳು ಮತ್ತು ವೀಸಾ

ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ಕಾಲ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಇರುವುದರಿಂದ ಮೇ ತಿಂಗಳು ನಮಗೆ ಹೇಳಿ ಮಾಡಿಸಿದಂತಿದೆ. ಜುಲೈ, ಆಗಸ್ಟ್‌ನಲ್ಲಿ ಸ್ಪೇನಿನವರಿಗೇ ರಜೆ, ಹಾಸಿಗೆ ಸಿಗುವುದು ಕಷ್ಟ. ಈಸ್ಟರ್ ಹಿಂದಿನ ಪವಿತ್ರ ವಾರದಲ್ಲೂ ಹಾಗೆಯೇ. ಗಲೀಸಿಯಾದಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತದೆ, ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಸಂತ ಯಕೋಬರ ಹಬ್ಬ ಜುಲೈ 25. ಅದು ಭಾನುವಾರ ಬಂದ ವರ್ಷವನ್ನು ಪವಿತ್ರ ವರ್ಷ ಎಂದು ಆಚರಿಸುತ್ತಾರೆ. 2027 ಅಂಥ ವರ್ಷ. ಆಗ ಕ್ಯಾಥೆಡ್ರಲ್‌ನ ಪವಿತ್ರ ಬಾಗಿಲು ತೆರೆದಿರುತ್ತದೆ, ಜನವೂ ಕಿಕ್ಕಿರಿದಿರುತ್ತಾರೆ. ಭಕ್ತಿಗೆ ಆ ವರ್ಷವೇ ಬೇಕು ಅನ್ನುವವರು ಉಳಿಯುವ ಜಾಗಗಳನ್ನು ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ. ವಯಸ್ಸಾದವರು, ಪುಟ್ಟ ಮಕ್ಕಳು ಇದ್ದರೆ ಬೇರೆ ವರ್ಷ ಹೋಗುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕು. ಮಗುವಿಗೂ ಪ್ರತ್ಯೇಕ ಅರ್ಜಿ. ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಹದಿನೈದು ದಿನಕ್ಕೆ ಬಿಡುವಂತಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಕೊಡುವ ಕೆಲಸವಿಲ್ಲ.

3. ಕಾಲು ಪಳಗಿಸಿ

ಕನಿಷ್ಠ ಎರಡು ತಿಂಗಳು ತಯಾರಿ ಬೇಕು. ಬೆಳಿಗ್ಗೆ ಪಾರ್ಕಿನಲ್ಲಿ ಮೂರು ಸುತ್ತು ಹಾಕಿದರೆ ಸಾಲದು. ವಾರಾಂತ್ಯದಲ್ಲಿ ಶನಿವಾರ ಹತ್ತು ಕಿ.ಮೀ., ಮಾರನೇ ದಿನ ಭಾನುವಾರ ಮತ್ತೆ ಹತ್ತು ಕಿ.ಮೀ. ನಡೆಯಿರಿ. ಒಂದು ದಿನ ಎಲ್ಲರೂ ನಡೆದುಬಿಡುತ್ತಾರೆ. ಮೈಕೈ ನೋವಿಟ್ಟುಕೊಂಡು ಎರಡನೇ ದಿನ ಏಳುವುದೇ ಈ ಯಾತ್ರೆಯ ನಿಜವಾದ ಕೆಲಸ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇದೆ. ಹತ್ತುವುದಕ್ಕಿಂತ ಇಳಿಯುವುದನ್ನು ಅಭ್ಯಾಸ ಮಾಡಿ, ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ. ಹೋಗುವಾಗ ಹಾಕುವ ಶೂ, ಕಾಲುಚೀಲ, ಬೆನ್ನುಚೀಲವನ್ನೇ ಈ ಅಭ್ಯಾಸಕ್ಕೂ ಬಳಸಿ. ಹೊಸ ಶೂ ಹಾಕಿಕೊಂಡು ವಿಮಾನ ಹತ್ತಬೇಡಿ.

ಶೂ ಅರ್ಧ ಸೈಜು ದೊಡ್ಡದಿರಲಿ, ನಡೆದಂತೆ ಪಾದ ಊದುತ್ತದೆ. ಮಕ್ಕಳ ಶೂ ಹೊರಡುವ ಒಂದು ತಿಂಗಳ ಮುಂಚೆ ಕೊಳ್ಳಿ, ಇನ್ನೂ ಮುಂಚೆ ಕೊಂಡರೆ ಅಷ್ಟರಲ್ಲಿ ಕಾಲು ಬೆಳೆದಿರುತ್ತದೆ.

4. ಚೀಲದಲ್ಲಿ ಏನಿರಬೇಕು

ಬೆನ್ನ ಮೇಲಿನ ಭಾರ ನಿಮ್ಮ ತೂಕದ ಹತ್ತನೇ ಒಂದು ಭಾಗ ಮೀರಬಾರದು. ಹಾಕಿಕೊಂಡ ಬಟ್ಟೆ ಬಿಟ್ಟು ಇನ್ನೆರಡು ಜೊತೆ ಸಾಕು, ಪ್ರತಿ ಸಂಜೆ ಒಗೆದು ಒಣಗಿಸುವುದೇ. ಮಳೆಗೆ ಚೀಲವನ್ನೂ ಮುಚ್ಚುವ ಪೊಂಚೊ ಒಳ್ಳೆಯದು. ಮಕ್ಕಳಿಗೆ ನೀರು, ಮಳೆಕೋಟು, ಒಂದು ಸಣ್ಣ ಆಟಿಕೆ, ಅಷ್ಟೇ.

ದೊಡ್ಡ ಚೀಲವನ್ನು ಒಂದು ಊರಿನಿಂದ ಮುಂದಿನ ಊರಿಗೆ ಸಾಗಿಸುವ ಸೇವೆ ಇದೆ. ಸ್ಪೇನಿನ ಅಂಚೆ ಇಲಾಖೆ ಕೊರ್ರೆಯೊಸ್ ಕೂಡ ಇದನ್ನು ಮಾಡುತ್ತದೆ. ಇದನ್ನು ಬಳಸಿದರೆ ಯಾತ್ರೆಯ ಪುಣ್ಯ ಕಡಿಮೆಯಾಗುತ್ತದೆ ಎಂದು ಕೊರಗುವವರನ್ನು ಕಂಡಿದ್ದೇನೆ. ಎಪ್ಪತ್ತರ ಹತ್ತಿರದ ಅಮ್ಮನ ಬೆನ್ನಿಗೆ ಹೊರೆ ಹೇರಿ ಯಾವ ಪುಣ್ಯ ಬರಬೇಕು? ಧಾರಾಳವಾಗಿ ಬಳಸಿ. ಒಂದೇ ಎಚ್ಚರ: ಬಿಪಿ, ಶುಗರ್ ಮಾತ್ರೆಗಳು, ಪಾಸ್‌ಪೋರ್ಟ್, ಹಣ ಯಾವತ್ತೂ ಆ ಚೀಲದಲ್ಲಿ ಹೋಗಬಾರದು. ಮಾತ್ರೆಗಳ ರಾಸಾಯನಿಕ ಹೆಸರಿರುವ ಚೀಟಿಯನ್ನು ವೈದ್ಯರಿಂದ ಬರೆಸಿಕೊಳ್ಳಿ, ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿನ ಅಂಗಡಿಯವರಿಗೆ ಗೊತ್ತಾಗುವುದಿಲ್ಲ.

5. ದಿನಕ್ಕೆ ಎಷ್ಟು ದೂರ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸಾರಿಯಾದಿಂದ ಸಾಂತಿಯಾಗೊಗೆ ಐದು ದಿನ ಎಂದು ಎಲ್ಲ ಕಡೆ ಬರೆದಿರುತ್ತಾರೆ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು, ಒಂದು ದಿನವಂತೂ ಇಪ್ಪತ್ತೊಂಬತ್ತು ಕಿ.ಮೀ. ಗಟ್ಟಿಮುಟ್ಟಾದ ಯುವಕರಿಗೆ ಸರಿ. ಕುಟುಂಬಕ್ಕೆ ಇದು ಬೇಡವೇ ಬೇಡ. ಒಂಬತ್ತು ಹತ್ತು ದಿನ ಇಟ್ಟುಕೊಳ್ಳಿ. ಖರ್ಚು ಸ್ವಲ್ಪ ಏರುತ್ತದೆ, ಆದರೆ ಮಧ್ಯಾಹ್ನದ ಹೊತ್ತಿಗೆ ನಡಿಗೆ ಮುಗಿದು ಮಕ್ಕಳಿಗೆ ಆಡಲು, ದೊಡ್ಡವರಿಗೆ ಕಾಲು ಚಾಚಲು ಹೊತ್ತು ಸಿಗುತ್ತದೆ.

ಹೀಗೆ ಹಂಚಿಕೊಳ್ಳಬಹುದು. ಮೊದಲ ದಿನ ಸಾರಿಯಾದಿಂದ ಫೆರೈರೊಸ್‌ಗೆ 13 ಕಿ.ಮೀ. ಊರು ಬಿಟ್ಟ ಮೇಲೆ ಓಕ್ ಮರಗಳ ನಡುವೆ ಏರು ಇದೆ, ನಿಧಾನ ಹತ್ತಿ. ಫೆರೈರೊಸ್ ಹತ್ತಿರ 100 ಕಿ.ಮೀ. ಉಳಿದಿದೆ ಎಂದು ತೋರಿಸುವ ಕಲ್ಲು ಸಿಗುತ್ತದೆ, ಮಕ್ಕಳು ಅದರ ಮುಂದೆ ಫೋಟೊ ತೆಗೆಸಿಕೊಳ್ಳದೆ ಕದಲುವುದಿಲ್ಲ. ಎರಡನೇ ದಿನ ಪೊರ್ತೊಮರಿನ್‌ಗೆ ಬರೀ 9 ಕಿ.ಮೀ.

ಪೊರ್ತೊಮರಿನ್‌ನಲ್ಲಿ ಅರ್ಧ ದಿನ ಉಳಿಯಿರಿ. ಬೆಲೆಸಾರ್ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು 1960ರ ದಶಕದಲ್ಲಿ ಮುಳುಗಿಹೋಯಿತು. ಅಲ್ಲಿದ್ದ ಚರ್ಚನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮೇಲಿನ ಗುಡ್ಡಕ್ಕೆ ತಂದು ಮತ್ತೆ ಕಟ್ಟಿದರು. ಗೋಡೆಯ ಹತ್ತಿರ ಹೋಗಿ ನೋಡಿದರೆ ಆಗ ಕಲ್ಲುಗಳ ಮೇಲೆ ಬರೆದ ಅಂಕಿಗಳು ಇನ್ನೂ ಕಾಣುತ್ತವೆ. ನಮ್ಮ ಮಕ್ಕಳು ಒಂದು ಗಂಟೆ ಬೆರಳಿಟ್ಟು ಅಂಕಿ ಹುಡುಕಿದರು. ಶರಾವತಿ, ಲಿಂಗನಮಕ್ಕಿಯ ಕಥೆ ಕೇಳಿ ಬೆಳೆದ ಅಮ್ಮ ಅಲ್ಲೇ ಒಂದು ಮೆಟ್ಟಿಲ ಮೇಲೆ ಕೂತು ಕೆಳಗಿನ ನೀರನ್ನೇ ನೋಡುತ್ತಿದ್ದರು. ಊರಿಗೆ ಹೋಗುವ ಸೇತುವೆ ತುಂಬಾ ಎತ್ತರ, ಉದ್ದವೂ ಇದೆ. ಎತ್ತರಕ್ಕೆ ಹೆದರುವವರನ್ನು ಕೈ ಹಿಡಿದು ದಾಟಿಸಿ.

ಮೂರನೇ ದಿನ ವೆಂತಾಸ್ ದೆ ನರೊನ್‌ಗೆ 13 ಕಿ.ಮೀ., ಬಹುಪಾಲು ಏರುದಾರಿ. ನಾಲ್ಕನೇ ದಿನ ಪಲಾಸ್ ದೆ ರೇಗೆ 12. ಐದನೇ ದಿನ ಮೆಲಿದೆಗೆ 15. ಆರನೇ ದಿನ ಅರ್ಸುವಾಗೆ 14, ನಡುವೆ ರಿಬದೀಸೊ ಎಂಬಲ್ಲಿ ಹಳೆಯ ಸೇತುವೆಯ ಕೆಳಗೆ ತಣ್ಣನೆಯ ಹೊಳೆ ಇದೆ, ಎಲ್ಲರೂ ಶೂ ಬಿಚ್ಚಿ ಕಾಲು ಇಳಿಬಿಡಿ. ಆಮೇಲೆ ಸಾಲ್ಸೆದಾ 11, ಓ ಪೆದ್ರೌಸೊ 8, ಲವಕೊಲಾ 10, ಸಾಂತಿಯಾಗೊ 10. ಅರ್ಸುವಾ ದಾಟಿದ ಮೇಲೆ ನೀಲಗಿರಿ ತೋಪುಗಳು ಹೆಚ್ಚುತ್ತವೆ. ಮಳೆ ಬಂದು ನಿಂತಾಗಿನ ಆ ವಾಸನೆ ನಮಗೆ ಚಿರಪರಿಚಿತ.

ದಾರಿ ತಪ್ಪುವ ಭಯ ಬೇಡ. ಹಳದಿ ಬಾಣಗಳು ಎಲ್ಲೆಲ್ಲೂ ಇವೆ. ಓ ಸೆಬ್ರೈರೊ ಎಂಬ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಲಿನ್ಯಾ 1980ರ ದಶಕದಲ್ಲಿ ಹಳದಿ ಬಣ್ಣದ ಡಬ್ಬ ಹಿಡಿದು ಹೊರಟು ಇವನ್ನು ಬಳಿಯಲು ಶುರು ಮಾಡಿದವರು. ಮರೆತುಹೋಗುತ್ತಿದ್ದ ದಾರಿಗೆ ಜೀವ ಕೊಟ್ಟವರಲ್ಲಿ ಅವರು ಮುಖ್ಯರು. ಬಾಣ ಹುಡುಕುವ ಕೆಲಸ ಮಕ್ಕಳಿಗೆ ವಹಿಸಿ.

6. ಒಟ್ಟಿಗೆ ನಡೆಯುವ ಕ್ರಮ

ಒಂದೇ ಮನೆಯವರಾದರೂ ಒಬ್ಬೊಬ್ಬರ ನಡಿಗೆ ಒಂದೊಂದು ಥರ. ದಿನವಿಡೀ ಪಕ್ಕಪಕ್ಕದಲ್ಲೇ ಇರಬೇಕು ಎಂದು ಹಠ ಹಿಡಿದರೆ ಎರಡನೇ ದಿನಕ್ಕೇ ಜಗಳ. ನಾವು ಪಾಲಿಸಿದ್ದು ಹೀಗೆ: ಬೆಳಗಿನ ಮೊದಲ ಅರ್ಧ ಗಂಟೆ ಎಲ್ಲರೂ ಒಟ್ಟಿಗೆ, ಪ್ರಾರ್ಥನೆ ಮಾಡುತ್ತಾ. ಆಮೇಲೆ ಅವರವರ ವೇಗ. ಆದರೆ ದಾರಿ ಕವಲೊಡೆದಲ್ಲಿ, ಡಾಂಬರು ರಸ್ತೆ ದಾಟುವಲ್ಲಿ, ಮೊದಲ ಕೆಫೆಯಲ್ಲಿ ಮುಂದೆ ಹೋದವರು ನಿಲ್ಲಲೇಬೇಕು. ಹಿಂದಿನವರು ಬಂದ ಕೂಡಲೇ ಎದ್ದು ಹೊರಡುವಂತಿಲ್ಲ. ಕೊನೆಗೆ ಬಂದವರು ಕೂತು, ನೀರು ಕುಡಿದು, ‘ಹೊರಡೋಣ’ ಅಂದ ಮೇಲೆಯೇ ಹೊರಡುವುದು. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಎಲ್ಲೆಡೆ ಆಗುವುದು ಏನೆಂದರೆ, ಬೇಗ ಬಂದವರು ವಿಶ್ರಾಂತಿ ತೆಗೆದುಕೊಂಡಿರುತ್ತಾರೆ, ನಿಧಾನ ಬಂದವರಿಗೆ ಕೂರುವುದಕ್ಕೂ ಪುರುಸೊತ್ತಿರುವುದಿಲ್ಲ. ಸುಸ್ತಾದವರಿಗೇ ವಿಶ್ರಾಂತಿ ಇಲ್ಲ ಅಂದರೆ ಹೇಗೆ, ಅಲ್ವಾ?

ಮಕ್ಕಳು ಯಾವಾಗಲೂ ಒಬ್ಬ ದೊಡ್ಡವರ ಕಣ್ಣಳತೆಯಲ್ಲಿರಲಿ. ಪಲಾಸ್ ದಾಟಿದ ಮೇಲೆ ಎನ್-547 ಹೆದ್ದಾರಿಯನ್ನು ಹಲವು ಸಲ ದಾಟಬೇಕಾಗುತ್ತದೆ, ವಾಹನಗಳು ಜೋರಾಗಿ ಬರುತ್ತವೆ. ಅಲ್ಲಿ ಬಲಗಡೆ ಸಂಚಾರ, ಆದ್ದರಿಂದ ಮೊದಲು ಎಡಕ್ಕೆ ನೋಡಬೇಕು. ನಮ್ಮ ಅಭ್ಯಾಸಕ್ಕೆ ಇದು ಉಲ್ಟಾ, ಮಕ್ಕಳಿಗೆ ದಿನಾ ನೆನಪಿಸಿ. ತುರ್ತು ಕರೆಗೆ 112. ತೀರಾ ಚಿಕ್ಕ ಮಕ್ಕಳಿದ್ದರೆ ತಳ್ಳುಗಾಡಿಗಿಂತ ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ಮೇಲು, ಎಷ್ಟೋ ಕಡೆ ಕಲ್ಲು, ಕೆಸರು, ಕಿರಿದಾದ ಓಣಿ.

ಯಾರಿಗಾದರೂ ನಿಜವಾಗಿಯೂ ಆಗದಿದ್ದರೆ ಟ್ಯಾಕ್ಸಿ ಸಿಗುತ್ತದೆ. ಕೊನೆಯ 100 ಕಿ.ಮೀ.ಯಲ್ಲಿ ಗಾಡಿ ಹತ್ತಿದವರಿಗೆ ಕಂಪೊಸ್ತೆಲಾ ಸಿಗುವುದಿಲ್ಲ, ಅದನ್ನು ಹೊರಡುವ ಮುಂಚೆಯೇ ಎಲ್ಲರಿಗೂ ಹೇಳಿರಿ. ಕಾಗದಕ್ಕಾಗಿ ಯಾರನ್ನೂ ನೋವಿನಲ್ಲಿ ನಡೆಸಬೇಡಿ.

7. ಪಾದದ ಆರೈಕೆ

ಪಾದದಲ್ಲಿ ನೀರಿನ ಬೊಬ್ಬೆ ಏಳುವ ಮುಂಚೆ ಒಂದು ಸೂಚನೆ ಕೊಡುತ್ತದೆ. ಹಿಮ್ಮಡಿಯಲ್ಲೋ ಕಿರುಬೆರಳ ಪಕ್ಕದಲ್ಲೋ ಬಿಸಿಬಿಸಿ ಅನ್ನಿಸುತ್ತದೆ. ಆ ಕ್ಷಣವೇ ನಿಲ್ಲಿ. ಮುಂದಿನ ಊರು ಬರಲಿ ಅನ್ನಬೇಡಿ. ಶೂ ಕಾಲುಚೀಲ ತೆಗೆದು ಒರೆಸಿ, ಗಾಳಿಗೆ ಬಿಟ್ಟು, ಕೆಂಪಾದ ಜಾಗಕ್ಕೆ ಟೇಪು ಸುಕ್ಕಿಲ್ಲದಂತೆ ಅಂಟಿಸಿ, ಒಣ ಕಾಲುಚೀಲ ಹಾಕಿ. ಐದು ನಿಮಿಷದ ಕೆಲಸ. ಮಕ್ಕಳು ತಾವಾಗಿ ಹೇಳುವುದಿಲ್ಲ, ಕುಂಟುವಾಗಲೇ ನಮಗೆ ಗೊತ್ತಾಗುವುದು. ಹಾಗಾಗಿ ಪ್ರತಿ ಕೆಫೆಯಲ್ಲೂ ಅವರ ಶೂ ಬಿಚ್ಚಿಸಿ ನೋಡಿ. ಬೆಳಿಗ್ಗೆ ಹೊರಡುವ ಮೊದಲು ಬೆರಳ ಸಂದಿಗೆ ವ್ಯಾಸಲೀನ್ ಸವರಿದರೆ ಅರ್ಧ ತೊಂದರೆ ಕಡಿಮೆ. ಹಸಿರು ಶಿಲುಬೆಯ ಬೋರ್ಡಿರುವುದು ಔಷಧಿ ಅಂಗಡಿ. ಅಲ್ಲಿನವರು ದಿನಾ ಇಂಥ ಪಾದ ನೋಡುವವರು, ತೋರಿಸಿ ಕೇಳಲು ಸಂಕೋಚ ಬೇಡ.

8. ಮಲಗುವ ಜಾಗ

ಯಾತ್ರಿಕರ ತಂಗುದಾಣಕ್ಕೆ ಅಲ್ಬೆರ್ಗೆ ಅನ್ನುತ್ತಾರೆ. ಗಲೀಸಿಯಾ ಸರ್ಕಾರದ ಅಲ್ಬೆರ್ಗೆಗಳಲ್ಲಿ ಒಬ್ಬರಿಗೆ ಸುಮಾರು 10 ಯೂರೋ. ಮೊದಲೇ ಕಾಯ್ದಿರಿಸುವಂತಿಲ್ಲ, ಮೊದಲು ಬಂದವರಿಗೆ ಹಾಸಿಗೆ. ನಿಧಾನ ನಡೆಯುವ ಕುಟುಂಬಕ್ಕೆ ಇದು ಸರಿಹೋಗುವುದಿಲ್ಲ. ಖಾಸಗಿ ಅಲ್ಬೆರ್ಗೆ ಅಥವಾ ‘ಪೆನ್ಸಿಯೊನ್’ ಎಂಬ ಸಣ್ಣ ವಸತಿಗೃಹಗಳಲ್ಲಿ ಮೊದಲೇ ಕೋಣೆ ಹಿಡಿಯಿರಿ. ಮೇಲೆ ಹೇಳಿದ ಚಿಕ್ಕ ಊರುಗಳಲ್ಲಿ ಹಾಸಿಗೆಗಳು ಕಡಿಮೆ, ಅವನ್ನೇ ಮೊದಲು ಖಾತ್ರಿ ಮಾಡಿಕೊಳ್ಳಿ. ಆದರೂ ಒಂದು ರಾತ್ರಿಯಾದರೂ ದೊಡ್ಡ ಹಾಲಿನ ಬಂಕ್ ಹಾಸಿಗೆಗಳಲ್ಲಿ ಎಲ್ಲ ದೇಶದವರ ನಡುವೆ ಮಲಗಿ. ಮಕ್ಕಳು ಅದನ್ನೇ ಜಾಸ್ತಿ ನೆನಪಿಟ್ಟುಕೊಳ್ಳುತ್ತಾರೆ. ರಾತ್ರಿ ಹತ್ತಕ್ಕೆ ದೀಪ ಆರುತ್ತದೆ. ತಿಗಣೆ ಇದೆಯೇ ಎಂದು ಹಾಸಿಗೆಯ ಹೊಲಿಗೆ ಸಂದಿ ನೋಡಿ ಮಲಗಿ.

9. ಊಟ

ಸ್ಪೇನಿನಲ್ಲಿ ರಾತ್ರಿ ಊಟ ಎಂಟರ ಮೇಲೆಯೇ. ಯಾತ್ರಿಕರಿಗಾಗಿ ಕೆಲವು ಕಡೆ ಏಳಕ್ಕೇ ಬಡಿಸುತ್ತಾರೆ. ಮಕ್ಕಳಿಗೆ ಹಣ್ಣು, ಬ್ರೆಡ್, ಚೀಸ್, ಮೊಸರು ಸದಾ ಚೀಲದಲ್ಲಿರಲಿ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಶನಿವಾರವೇ ಕೊಂಡಿಟ್ಟುಕೊಳ್ಳಿ.

ಮಾಂಸ ತಿನ್ನದವರಿಗೆ ಆಲೂಗಡ್ಡೆ ಮೊಟ್ಟೆಯ ತೊರ್ತೀಯಾ, ಹುರಿದ ಪದ್ರೊನ್ ಮೆಣಸಿನಕಾಯಿ, ಸಲಾಡ್ ಸಿಗುತ್ತವೆ. ಸಲಾಡ್‌ಗೆ ಕೇಳದೆಯೇ ಟ್ಯೂನಾ ಮೀನು ಹಾಕುತ್ತಾರೆ. ‘ಸಿನ್ ಕಾರ್ನೆ, ಸಿನ್ ಅತೂನ್’ (ಮಾಂಸ ಬೇಡ, ಟ್ಯೂನಾ ಬೇಡ) ಎಂದು ಮೊದಲೇ ಹೇಳಿ. ಸೊಪ್ಪಿನ ಸಾರಿನಂತೆ ಕಾಣುವ ಕಾಲ್ದೊ ಗಯೇಗೊದಲ್ಲಿ ಸಾಮಾನ್ಯವಾಗಿ ಹಂದಿ ಕೊಬ್ಬು ಇರುತ್ತದೆ. ಮಾಂಸಾಹಾರಿಗಳು ಮೆಲಿದೆಯಲ್ಲಿ ಆಕ್ಟೋಪಸ್ ತಿನ್ನದೆ ಮುಂದೆ ಹೋಗಬೇಡಿ. ತಾಮ್ರದ ಹಂಡೆಯಲ್ಲಿ ಬೇಯಿಸಿ, ಕತ್ತರಿಯಲ್ಲಿ ಕತ್ತರಿಸಿ, ಆಲಿವ್ ಎಣ್ಣೆ, ಉಪ್ಪು, ಕೆಂಪು ಮೆಣಸಿನ ಪುಡಿ ಉದುರಿಸಿ ಮರದ ತಟ್ಟೆಯಲ್ಲಿ ಕೊಡುತ್ತಾರೆ.

ಮನೆಯಿಂದ ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ಹಾಲಿನ, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಗೆ ತರುವಂತಿಲ್ಲ, ಆದ್ದರಿಂದ ತುಪ್ಪ, ಪೇಡ ಬೇಡ. ಸರ್ಕಾರಿ ಅಲ್ಬೆರ್ಗೆಯಲ್ಲಿ ಅಡುಗೆಮನೆ ಇದ್ದರೂ ಎಷ್ಟೋ ಕಡೆ ಪಾತ್ರೆ ಇರುವುದಿಲ್ಲ, ಅಡುಗೆ ಮಾಡುವ ಆಲೋಚನೆ ಇದ್ದರೆ ಒಂದು ಹಗುರ ಪಾತ್ರೆ ಇಟ್ಟುಕೊಳ್ಳಿ.

10. ಮುದ್ರೆ, ಪ್ರಾರ್ಥನೆ

ಪ್ರತಿಯೊಬ್ಬರಿಗೂ, ಮಕ್ಕಳಿಗೂ ಸೇರಿಸಿ, ಕ್ರೆಡೆನ್ಸಿಯಲ್ ಎಂಬ ಯಾತ್ರಿಕರ ಪುಸ್ತಿಕೆ ಬೇಕು. ಸಾರಿಯಾದ ಮಗ್ದಲೇನಾ ಮಠದಲ್ಲಿ ಸಿಗುತ್ತದೆ. ಚರ್ಚು, ಅಲ್ಬೆರ್ಗೆ, ಕೆಫೆಗಳಲ್ಲಿ ಅದಕ್ಕೆ ಮುದ್ರೆ ಹಾಕಿಸಬೇಕು, ಕೊನೆಯ 100 ಕಿ.ಮೀ.ಯಲ್ಲಿ ದಿನಕ್ಕೆ ಕನಿಷ್ಠ ಎರಡು. ದೊಡ್ಡವರಿಗೆ ಇದು ಲೆಕ್ಕ, ಮಕ್ಕಳಿಗೆ ಇದೇ ಹುರುಪು. “ಅಜ್ಜಿ, ಅಲ್ಲಿ ಇನ್ನೊಂದು ಚರ್ಚ್ ಇದೆ, ಸೀಲ್ ಹಾಕಿಸೋಣ ಬಾ” ಎಂದು ಮಗ ಎಳೆದುಕೊಂಡು ಹೋಗಿದ್ದರಿಂದಲೇ ಅಮ್ಮ ಎಷ್ಟೋ ಹಳೆಯ ಗುಡಿಯಂಥ ಕಲ್ಲಿನ ಚರ್ಚುಗಳ ಒಳಗೆ ಮೊಣಕಾಲೂರಿದರು.

ಜಪಸರದ ಒಂದೊಂದು ದಶಕವನ್ನು (ಹತ್ತು ಮಣಿಗಳ ಜಪವನ್ನು) ಒಬ್ಬೊಬ್ಬರು ಹೇಳಿಕೊಡಲಿ, ಅದೂ ಕನ್ನಡದಲ್ಲಿ, ಜೋರಾಗಿ. ದಿನದಲ್ಲಿ ಒಂದು ಗಂಟೆ ಮೌನವಾಗಿ ನಡೆಯಿರಿ. ಚಿಕ್ಕ ಮಕ್ಕಳಿಗೆ ಹತ್ತು ನಿಮಿಷ ಸಾಕು. ಸಂತ ಯಕೋಬರ ಕಥೆಯನ್ನು ಕಂತು ಕಂತಾಗಿ ಹೇಳಿ: ಜೆಬೆದಾಯನ ಮಗ, ಯೊವಾನ್ನರ ಅಣ್ಣ, ಬಲೆ ಬಿಟ್ಟು ಯೇಸುವಿನ ಹಿಂದೆ ಹೋದವರು, ಹೆರೋದನ ಕತ್ತಿಗೆ ತಲೆ ಕೊಟ್ಟವರು. ಸಂಜೆ ಊರ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಇದ್ದರೆ ಹೋಗಿ. ಭಾಷೆ ತಿಳಿಯದಿದ್ದರೂ ಯಾವ ಹಂತ ನಡೆಯುತ್ತಿದೆ ಎಂದು ಮಕ್ಕಳಿಗೂ ಗೊತ್ತಾಗುತ್ತದೆ.

11. ತಲುಪಿದ ಮೇಲೆ

ಮೊದಲು ಚೀಲಗಳನ್ನು ಕೋಣೆಯಲ್ಲಿಟ್ಟು ಬನ್ನಿ, ಬೆನ್ನುಚೀಲದೊಂದಿಗೆ ಕ್ಯಾಥೆಡ್ರಲ್ ಒಳಗೆ ಬಿಡುವುದಿಲ್ಲ. ಮಧ್ಯಾಹ್ನ 12ರ ಯಾತ್ರಿಕರ ಪೂಜೆಗೆ ಸೀಟು ಬೇಕಾದರೆ ಬೇಗ ಹೋಗಿ. ಸುಮಾರು 53 ಕಿಲೋ ತೂಕದ ದೊಡ್ಡ ಧೂಪದ ಪಾತ್ರೆ ಬೊತಫುಮೈರೊವನ್ನು ಎಂಟು ಜನ ಹಗ್ಗ ಹಿಡಿದು ತೂಗುವುದು ದಿನವೂ ಇರುವುದಿಲ್ಲ, ಹಬ್ಬಗಳಲ್ಲಿ ಮತ್ತು ಯಾರಾದರೂ ಕಾಣಿಕೆ ಕೊಟ್ಟು ಕೇಳಿಕೊಂಡಾಗ ಮಾತ್ರ. ಮಕ್ಕಳಿಗೆ ಸುಮ್ನೆ ಆಸೆ ಹುಟ್ಟಿಸಬೇಡಿ. ಪೀಠದ ಹಿಂದಿನ ಮೆಟ್ಟಿಲು ಹತ್ತಿ ಸಂತರ ಪ್ರತಿಮೆಯನ್ನು ಅಪ್ಪಿಕೊಳ್ಳುವುದು, ಕೆಳಗೆ ಇಳಿದು ಸಮಾಧಿಯ ಮುಂದೆ ಪ್ರಾರ್ಥಿಸುವುದು ಹಳೆಯ ಪದ್ಧತಿ.

ಯಾತ್ರಿಕರ ಕಚೇರಿ ಕರ್ರೆತಾಸ್ ಬೀದಿಯಲ್ಲಿದೆ. ಕ್ರೆಡೆನ್ಸಿಯಲ್ ತೋರಿಸಿದರೆ ನಿಮ್ಮ ಹೆಸರನ್ನು ಲ್ಯಾಟಿನ್‌ನಲ್ಲಿ ಬರೆದ ಕಂಪೊಸ್ತೆಲಾ ಉಚಿತವಾಗಿ ಕೊಡುತ್ತಾರೆ. ಪ್ರಥಮ ಪರಮಪ್ರಸಾದ ಆದ ಮಕ್ಕಳಿಗೂ, ಯಾತ್ರೆಯ ಅರ್ಥ ತಿಳಿಯುವ ವಯಸ್ಸಿನವರಿಗೂ ಅದೇ ಸಿಗುತ್ತದೆ. ಇನ್ನೂ ಪುಟ್ಟವರಿಗೆ ಬೇರೆ ಪತ್ರವಿದೆ, ಅದರಲ್ಲೂ ಅವರ ಹೆಸರಿರುತ್ತದೆ.

ತುಂಬ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ. ತೀರಿಕೊಂಡವರ ಅಥವಾ ಕಾಯಿಲೆಯಿಂದ ನಡೆಯಲಾಗದವರ ಪರವಾಗಿ ನೀವು ನಡೆದಿದ್ದರೆ, ಅವರ ಹೆಸರನ್ನೂ ಪತ್ರದಲ್ಲಿ ಸೇರಿಸಿ ಬರೆಯುತ್ತಾರೆ. ಕೌಂಟರಿನಲ್ಲಿ ಮೊದಲೇ ಹೇಳಬೇಕು, ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು. ಅಮ್ಮ, ನಮ್ಮ ಅಪ್ಪನ ಹೆಸರು ಬರೆಸಿದರು. ನಾವು ಹೊರಡುವ ಮೊದಲು ಮಾಡಿದ ಪಟ್ಟಿಯಲ್ಲಿ ಅವರು ಬರೆದಿದ್ದ ಬೇಡಿಕೆ ಅದೊಂದೇ.

ಸಾಂತಿಯಾಗೊದಲ್ಲಿ ಕನಿಷ್ಠ ಎರಡು ರಾತ್ರಿ ಇಟ್ಟುಕೊಳ್ಳಿ. ತಲುಪಿದ ದಿನ ಯಾರಿಗೂ ಏನೂ ನೋಡುವ ಶಕ್ತಿ ಇರುವುದಿಲ್ಲ. ಮಾರನೇ ದಿನ ಪಾಪನಿವೇದನೆ, ಇನ್ನೊಂದು ಪೂಜೆ, ಕ್ಯಾಥೆಡ್ರಲ್‌ಗೆ ಶಿಲ್ಪಿ ಮತೆಯೊ ಮಾಡಿದ ಮಹಿಮೆಯ ದ್ವಾರ, ಮೇಲೆ ಶಿಲುಬೆ ಗುರುತಿರುವ ಬಾದಾಮಿ ಕೇಕು. ಸಮಯವಿದ್ದರೆ ಅಟ್ಲಾಂಟಿಕ್ ತೀರದ ಫಿಸ್ತೆರಾಗೆ ಬಸ್ಸಿದೆ, ಒಂದೇ ದಿನದಲ್ಲಿ ಹೋಗಿ ಬರಬಹುದು. ವಿಮಾನ ನಿಲ್ದಾಣ ಇರುವುದು ನೀವು ನಡೆದು ಬಂದ ಲವಕೊಲಾದಲ್ಲೇ, ಪೇಟೆಯಿಂದ ನೇರ ಬಸ್ಸು ಸಿಗುತ್ತದೆ.